ಕ್ರೌನ್ ಕೂಗಿದರೆ ಯಾರು ಹೊಣೆ?

"ಗೇರ್ ಬದಲಿಸಿದ ಮೇಲೆ ಸ್ವಲ್ಪ ಸದ್ದು ಇದ್ದದ್ದೇ." ವೇಗದ ಕಾರುಗಳ ಡಿಫರೆನ್ಷಿಯಲ್ ಬಿಚ್ಚಿ ಜೋಡಿಸುವ ಗ್ಯಾರೇಜುಗಳಲ್ಲಿ ಈ ಮಾತು ಬಿಲ್ಲಿನ ಜೊತೆಗೇ ಸಿಗುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಅದರ ಅಪಾಯ ಇರುವುದೂ ಅಲ್ಲಿಯೇ.

ಅಮೆರಿಕದ ಫೋರ್ಡ್ ಮಸ್ಟಾಂಗನ್ನೇ ನೋಡಿ. ಕಾರ್ಖಾನೆಯಿಂದ 3.31 ಅಥವಾ 3.55 ಅನುಪಾತದ ಗೇರಿನೊಂದಿಗೆ ಬಂದ ಕಾರಿಗೆ, ನಿಂತಲ್ಲಿಂದ ಜಿಗಿಯುವ ಆಸೆಯವರು 4.10 ಹಾಕಿಸುತ್ತಾರೆ. ಎಂದರೆ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಐನೂರಕ್ಕೂ ಹೆಚ್ಚು ಹಲ್ಲುಗಳು ಒಂದರ ಮೇಲೊಂದು ಕೂಡಿ ಬಿಡುತ್ತವೆ. ಆ ಕೂಡುವಿಕೆಯಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಅದು ಒಂದೇ ಶ್ರುತಿಯ ಕೂಗಾಗಿ ಕಿವಿಗೆ ಬಡಿಯುತ್ತದೆ.

ಕೆಲವು ಕೂಗಿಗೆ ಗ್ಯಾರೇಜು ಕಾರಣವಲ್ಲ, ನಿಜ. ಕಾರಿನ ಹಿಡಿತ ಹೆಚ್ಚಲೆಂದು ರಬ್ಬರ್ ಬುಷ್ ತೆಗೆಸಿ ಗಟ್ಟಿ ಬುಷ್ ಹಾಕಿಸಿಕೊಂಡವರಿಗೆ, ಮೊದಲೂ ಇದ್ದ ಸದ್ದೇ ಈಗ ನೇರವಾಗಿ ಒಳಗೆ ಬರುತ್ತದೆ. ಡ್ರ್ಯಾಗ್ ರೇಸಿಗೆಂದು 9310 ಉಕ್ಕಿನಲ್ಲಿ ಮಾಡಿದ ಗೇರುಗಳು ಹಠಾತ್ ಹೊಡೆತ ತಡೆಯುತ್ತವೆ, ದಿನನಿತ್ಯದ ರಸ್ತೆ ಓಟದಲ್ಲಿ ಬೇಗ ಸವೆಯುತ್ತವೆ. ಅದನ್ನು ಕಚೇರಿಗೆ ಹೋಗುವ ಕಾರಿಗೆ ಹಾಕಿಸಿ ದೂರಿದರೆ ಯಾರೇನು ಮಾಡಿಯಾರು? ಮಾರುವವರು ಮೊದಲೇ ಹೇಳಬೇಕಿತ್ತು, ಅಷ್ಟೆ.

ಆದರೆ ಬಹಳಷ್ಟು ಕೂಗು ಹುಟ್ಟುವುದು ಜೋಡಣೆಯಲ್ಲಿ. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ನಮ್ಮ ಲಾರಿ ಮೆಕ್ಯಾನಿಕ್ಕರೂ ಅದನ್ನು ಸೆಟ್ಟಾಗಿಯೇ ಕೊಳ್ಳುತ್ತಾರೆ. ಆ ಜೋಡಿಯನ್ನು ಹೌಸಿಂಗಿನೊಳಗೆ ಸರಿಯಾದ ಜಾಗದಲ್ಲಿ ಕೂರಿಸುವುದೇ ಕಷ್ಟ. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ತೆಳ್ಳನೆಯ ಶಿಮ್ ತೀರ್ಮಾನಿಸುತ್ತದೆ. ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಹೊಸ ಗೇರಿನಲ್ಲಿ ಸಾಮಾನ್ಯವಾಗಿ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಮೂಡುವ ಅಚ್ಚು ಮಧ್ಯದಲ್ಲಿ ಬಿದ್ದಿದೆಯೋ, ಅಂಚಿಗೆ ಸರಿದಿದೆಯೋ ಕಣ್ಣಿಗೇ ಕಾಣುತ್ತದೆ. ಸರಿದಿದ್ದರೆ ಮತ್ತೆ ಬಿಚ್ಚಬೇಕು, ಬೇರಿಂಗ್ ಕೀಳಬೇಕು, ಶಿಮ್ ಬದಲಿಸಬೇಕು, ಮತ್ತೆ ಬಣ್ಣ ಹಚ್ಚಬೇಕು. ಇದು ನಾಲ್ಕೈದು ಸಲವೂ ಆಗಬಹುದು. ಕೂಲಿ ಮಾತ್ರ ಒಂದೇ ಸಲದ್ದು. ಎರಡನೇ ಸಲಕ್ಕೆ "ಇಷ್ಟು ಸಾಕು" ಅನ್ನಿಸುವುದು ಇಲ್ಲಿಯೇ.

"ಇದ್ದದ್ದೇ" ಎಂಬ ಮಾತನ್ನು ನಂಬಿದ ಮಾಲೀಕ ಸದ್ದಿಗೆ ಕಿವಿಗೊಡುವುದನ್ನೇ ಬಿಡುತ್ತಾನೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೂಗಿದರೆ ಅನುಮಾನ ಹಲ್ಲುಗಳ ಮೇಲೆ; ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗೊರಗೊರ ಎಂದರೆ ಬೇರಿಂಗಿನ ಮೇಲೆ. ಅಂಚಿನಲ್ಲೇ ಭಾರ ಹೊತ್ತ ಹಲ್ಲು ಒಂದು ದಿನ ಮುರಿದರೆ ಹಿಂದಿನ ಚಕ್ರಗಳೇ ಕಚ್ಚಿ ನಿಲ್ಲಬಹುದು, ಅದೂ ಹೆದ್ದಾರಿಯ ವೇಗದಲ್ಲಿ.

ಆದ್ದರಿಂದ ಗೇರ್ ಹಾಕಿಸುವವರು ಹಣ ಕೊಡುವ ಮುನ್ನ ಎರಡು ವಸ್ತು ಕೇಳಲಿ: ಬಣ್ಣದ ಅಚ್ಚಿನ ಫೋಟೋ, ಬ್ಯಾಕ್‌ಲ್ಯಾಶ್ ಅಳತೆ ಬರೆದ ಚೀಟಿ. ಒಳ್ಳೆಯ ಮೆಕ್ಯಾನಿಕ್ ಇವೆರಡನ್ನೂ ಹೇಗೂ ನೋಡಿಯೇ ಕವರ್ ಮುಚ್ಚಿರುತ್ತಾನೆ. ಫೋಟೋ ತೆಗೆಯಲು ಅವನಿಗೆ ಹಿಡಿಯುವುದು ಅರ್ಧ ನಿಮಿಷ.