ರುಜುವಾತಿನ ಹೊರೆ ಯಾರಿಗೆ?

ಗೋವೆಯ ಗಡಿಗೆ ದೂರವಲ್ಲದ ಕೈಗಾ ಅಣುಸ್ಥಾವರದಲ್ಲಿ 2009ರ ನವೆಂಬರದಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಮಿಕ್ಕಿದ ನೌಕರರ ದೇಹ ಸೇರಿತು. ಹೆಚ್ಚಿನವರಲ್ಲಿ ಅದರ ಪ್ರಮಾಣ ಮಿತಿಯೊಳಗಿತ್ತೆಂದು ಅಧಿಕಾರಿಗಳು ಹೇಳಿದರು. ಇರಲಿ. ಆದರೆ ವಿಕಿರಣದ ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಕಳೆದೂ ತಲೆಯೆತ್ತಬಹುದು. ಅಂದು ಪರಿಹಾರ ಕೇಳಿ ಬಂದವನೊಡನೆ ಸರಕಾರಿ ವಕೀಲರು 'ಇದು ಅದರಿಂದಲೇ ಬಂತೆಂಬುದಕ್ಕೆ ರುಜುವಾತೇನು?' ಎಂದರೆ ಆತ ಏನನ್ನು ತೋರಿಸಿಯಾನು?

ನೆವಾಡಾದ ಅಣುಬಾಂಬು ಪರೀಕ್ಷೆಗಳಿಂದ ನೊಂದವರಿಗಾಗಿ ಅಮೆರಿಕ 1990ರಲ್ಲಿ ಮಾಡಿದ ಕಾಯಿದೆ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಹೆಸರಿಸಿದ ಊರುಗಳಲ್ಲಿ ಇಂತಿಷ್ಟು ಕಾಲದ ವಾಸ, ಪಟ್ಟಿಯಲ್ಲಿರುವ ಕಾಯಿಲೆ, ಇವಕ್ಕೆ ದಾಖಲೆಯಿದ್ದರಾಯಿತು. ನ್ಯಾಯ ಇಲಾಖೆಯ ವಕೀಲರು ಕಾಗದಪತ್ರ ನೋಡಿ ಹಣ ಮಂಜೂರು ಮಾಡುತ್ತಾರೆ. (ಅದೂ 2024ರಲ್ಲಿ ಅವಧಿ ಮುಗಿದು 2025ರಲ್ಲಿ ಮರುಜೀವ ಪಡೆಯಬೇಕಾಯಿತೆನ್ನಿ.)

ನಮ್ಮ ಜಿಲ್ಲೆಯಲ್ಲಿ ವಿಷ ಬೇರೆ, ಗೋಳು ಅದೇ. ಎಂಡೋಸಲ್ಫಾನ್ ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ಆಜ್ಞಾಪಿಸಿತ್ತು. 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯ ಪೈಕಿ ದೊರೆತದ್ದು ಎಂಟೇ ಜನಕ್ಕೆ. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ಪಡ್ರೆಯ ತಾಯಿ ದಿಲ್ಲಿಯ ಮೆಟ್ಟಿಲು ಹತ್ತಬೇಕೇ? ಊರು, ಕಾಲ, ಕಾಯಿಲೆಗಳ ಪಟ್ಟಿಯನ್ನು ಕಾಯಿದೆಯಲ್ಲೇ ಬರೆದಿಡಲು ನಮ್ಮ ಸರಕಾರಗಳಿಗೆ ಇರುವ ಅಡ್ಡಿಯೇನು?