ಬಾರ್ ಗಾಯಕಿಯ 200 ದಿರ್ಹಮ್

ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಇಶಾ ನಮಾಝ್ ಮುಗಿದ ಮೇಲೂ ಮಸೀದಿಯ ಜಗಲಿಯಲ್ಲಿ ಕಾದು ಕುಳಿತಿದ್ದ. ದುಬೈಯ ಹೋಟೆಲೊಂದರ ಲಾಂಡ್ರಿಯಲ್ಲಿ ಆತ ಎಂಟು ವರ್ಷಗಳಿಂದ ದುಡಿಯುತ್ತಿದ್ದಾನೆ. ಎಲ್ಲರೂ ಹೊರಟುಹೋದ ಬಳಿಕ ಹತ್ತಿರ ಬಂದು, “ಉಸ್ತಾದರೇ, ಒಂದು ಮಸ್‌ಅಲ ಕೇಳಲಿಕ್ಕಿತ್ತು” ಎಂದ.

ವಿಷಯ ಇಷ್ಟು. ಹಿಂದಿನ ವರ್ಷ ಆತನ ತಾಯಿಗೆ ಹೃದಯಾಘಾತವಾದಾಗ ತುರ್ತಾಗಿ ಊರಿಗೆ ಬರಬೇಕಾಯಿತು. ಟಿಕೆಟಿಗೆ ಕೈಯಲ್ಲಿ ಹಣವಿರಲಿಲ್ಲ. ಜೊತೆಯ ನೌಕರರು ತಮ್ಮತಮ್ಮಲ್ಲೇ ಕೂಡಿಸಿ ಕೊಟ್ಟರು. ಅದರಲ್ಲಿ 200 ದಿರ್ಹಮ್ ಕೊಟ್ಟವಳು ಅದೇ ಹೋಟೆಲಿನ ಬಾರಿನಲ್ಲಿ ರಾತ್ರಿ ಹಾಡುವ ಫಿಲಿಪ್ಪೀನ್ಸ್‌ನ ಒಬ್ಬ ಗಾಯಕಿ. ಗಿರಾಕಿಗಳು ಕೊಟ್ಟ ಟಿಪ್ಸ್‌ನಿಂದ ತೆಗೆದು ಕೊಟ್ಟಿದ್ದಳು. ತಾಯಿ ಅಲ್ಲಾಹನ ಕೃಪೆಯಿಂದ ಗುಣಮುಖರಾದರು. ಆದರೆ ಆ ಹಣ ಈತನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅದು ಹರಾಮ್ ಹಣವೇ? ಹಿಂದಿರುಗಿಸಬೇಕೇ?

ನಾವು ಯೋಚಿಸದೆ ಉತ್ತರಿಸಿದೆವು. ಬಾರಿನ ಹಣವಲ್ಲವೇ, ಕೊಟ್ಟುಬಿಡು, ನಿನಗೇಕೆ ಆ ಹೊರೆ ಎಂದೆವು. ಆತ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತು, “ಅವಳು ಹಾಕುವ ಬಟ್ಟೆಗೆ ಇಸ್ತ್ರಿ ಹಾಕುವುದು ನಾನೇ ಉಸ್ತಾದರೇ. ನನ್ನ ಸಂಬಳವೂ ಅದೇ ಹೋಟೆಲಿನದ್ದು” ಎಂದ.

ಅಂದು ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಯಾರು, ಹೇಗೆ ಬದುಕುತ್ತಾಳೆ ಎಂದು ಕೇಳಿದೆವು. ಒಬ್ಬರ ಸಂಪಾದನೆಯ ಕುರಿತು ತೀರ್ಪು ಹೇಳುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ತೀರ್ಪಿನ ಬಳಿಕ ಕೇಳಿದೆವು ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ಆತ ಹೇಳಿದ್ದು ಹೀಗಿದೆ. ಮನಿಲಾದ ಏಜೆಂಟರೊಬ್ಬರ ಮೂಲಕ ಆರು ತಿಂಗಳ ಕರಾರಿನ ಮೇಲೆ ಐವರ ತಂಡವೊಂದು ಬಂದಿದೆ. ಇಬ್ಬರು ಹಾಡುವವರು, ಮೂವರು ವಾದ್ಯ ನುಡಿಸುವವರು. ವಾಸ ಸಿಬ್ಬಂದಿಯ ವಸತಿಯಲ್ಲಿ, ಒಂದು ಕೋಣೆಯಲ್ಲಿ ನಾಲ್ವರು ಹೆಣ್ಣುಮಕ್ಕಳು, ಮೇಲೊಂದು ಕೆಳಗೊಂದು ಮಂಚ. ಹಗಲು ಕೆಲಸಕ್ಕೆ ಹೋಗುವವರು ಎದ್ದು ದೀಪ ಹಾಕುವ ಹೊತ್ತಿಗೆ ಈಕೆ ಮಲಗಿರುತ್ತಾಳೆ, ಮುಖದ ಮೇಲೆ ಟವೆಲ್ ಹಾಕಿಕೊಂಡು. ಮಧ್ಯಾಹ್ನ ಎದ್ದು ಅನ್ನ ಬೇಯಿಸಿಕೊಳ್ಳುತ್ತಾಳೆ. ಸಂಜೆಯ ಮೊದಲು ತಂಡದ ಅಭ್ಯಾಸ. ಬಳಿಕ ಕೂದಲು, ಮುಖ, ಉಡುಪು. ಉಡುಪು ಹೇಗಿರಬೇಕು, ಹಿಮ್ಮಡಿ ಎಷ್ಟೆತ್ತರವಿರಬೇಕು, ಮೈತೂಕ ಎಷ್ಟನ್ನು ಮೀರಬಾರದು ಎಂಬುದೆಲ್ಲ ಕರಾರಿನಲ್ಲೇ ಇದೆಯಂತೆ. ರಾತ್ರಿ ಒಂಬತ್ತೂವರೆಯಿಂದ ಹಾಡು. ಮುಕ್ಕಾಲು ಗಂಟೆ ಹಾಡಿ ಕಾಲು ಗಂಟೆ ಬಿಡುವು, ಮತ್ತೆ ಮುಕ್ಕಾಲು ಗಂಟೆ. ವಾರಕ್ಕೆ ಆರು ರಾತ್ರಿ. ಆ ಕಾಲು ಗಂಟೆಯ ಬಿಡುವೂ ಆಕೆಯದ್ದಲ್ಲ. ಮೇಜುಗಳ ಬಳಿ ಹೋಗಿ ಗಿರಾಕಿಗಳೊಡನೆ ನಗುನಗುತ್ತಾ ಮಾತನಾಡಬೇಕು, ಅವರು ಚೀಟಿಯಲ್ಲಿ ಬರೆದುಕೊಟ್ಟ ಹಾಡನ್ನು ಮುಂದಿನ ಸರದಿಯಲ್ಲಿ ಹಾಡಬೇಕು. ಜ್ವರವಿದ್ದರೂ ಗಂಟಲು ಕಟ್ಟಿದರೂ ವೇದಿಕೆಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ರಾತ್ರಿಯ ಹಣ ಕಡಿತ.

ಬಾರು ಮುಚ್ಚುವುದು ರಾತ್ರಿ ಮೂರು ಗಂಟೆಗೆ. ಮನಿಲಾದ ಗಡಿಯಾರ ದುಬೈಗಿಂತ ನಾಲ್ಕು ಗಂಟೆ ಮುಂದಿರುತ್ತದೆ. ಅಲ್ಲಿ ಆಗ ಬೆಳಿಗ್ಗೆ ಏಳು, ಆಕೆಯ ಮಗಳು ಶಾಲೆಗೆ ಹೊರಡುವ ಹೊತ್ತು. ಬಣ್ಣ ಹಚ್ಚಿದ ಮುಖದಲ್ಲೇ, ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಆಕೆ ಫೋನಿನಲ್ಲಿ ಮಗಳ ಜಡೆ ಸರಿಯಾಗಿದೆಯೇ ಎಂದು ನೋಡುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬರುವಾಗ ನಮ್ಮ ವಿದ್ಯಾರ್ಥಿ ಇದನ್ನು ಎಷ್ಟೋ ಸಲ ಕಂಡಿದ್ದಾನೆ. ನಮ್ಮೂರಿನಲ್ಲಿ ಆಗ ನಾಲ್ಕೂವರೆ ಗಂಟೆ. ತಹಜ್ಜುದ್‌ಗೆ ಎದ್ದವರು ನಮಾಝ್ ಮುಗಿಸಿ ಗಲ್ಫ್‌ನಲ್ಲಿರುವ ಮಕ್ಕಳಿಗಾಗಿ ದುಆ ಮಾಡುವ ಸಮಯ.

ಆತ ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ದುಬೈಯ ಬಾರುಗಳಲ್ಲಿ ರಮಝಾನ್ ತಿಂಗಳಲ್ಲಿ ಲೈವ್ ಸಂಗೀತ ನಿಲ್ಲಿಸುವ ನಿಯಮ ಬಹುಕಾಲ ಕಟ್ಟುನಿಟ್ಟಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಸಡಿಲವಾಗಿದೆ. ಪವಿತ್ರ ತಿಂಗಳ ಗೌರವಕ್ಕಾಗಿ ಸಂಗೀತ ನಿಲ್ಲುವುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಆತನ ಹೋಟೆಲಿನಲ್ಲಿ ನಡೆದದ್ದನ್ನು ನೋಡಿರಿ. ಹಾಡು ನಿಂತಿತು, ಹಾಡುವವರ ಸಂಬಳವೂ ನಿಂತಿತು. ಸೂರ್ಯಾಸ್ತದ ಬಳಿಕ ಮದ್ಯದ ಮಾರಾಟ ಮಾತ್ರ ನಡೆದೇ ಇತ್ತು. ನಮಗೆ ಬರಕತ್ತಿನ ತಿಂಗಳು, ಆಕೆಗೆ ಸಾಲದ ತಿಂಗಳು. ಆಕೆ ನೂಡಲ್ಸ್ ತಿಂದು ದಿನ ಕಳೆಯುತ್ತಿದ್ದಾಗ ಇಫ್ತಾರಿಗೆ ಮಿಕ್ಕಿದ ಖರ್ಜೂರ, ಬಿರಿಯಾನಿಯನ್ನು ಲಾಂಡ್ರಿಯ ಹುಡುಗರು ಒಯ್ದು ಕೊಡುತ್ತಿದ್ದರಂತೆ. 200 ದಿರ್ಹಮ್ ಬಂದದ್ದು ಆ ಋಣದಿಂದಲೇ ಇರಬಹುದು ಎಂದು ಆತ ಭಾವಿಸಿದ್ದಾನೆ.

ಮದ್ಯ ಮಾರುವ ಸ್ಥಳಗಳಲ್ಲಿ ಫಿಲಿಪ್ಪೀನ್ಸ್‌ನ ಗಾಯಕಿಯರೇ ಏಕೆ ಇಷ್ಟೊಂದು ಕಾಣಿಸುತ್ತಾರೆ? ಅದು ಅವರ ರಕ್ತದಲ್ಲೇ ಇರುವ ಗುಣ ಎಂಬ ಸಡಿಲ ಮಾತನ್ನು ಗಲ್ಫ್‌ನಿಂದ ಬಂದವರ ಬಾಯಿಂದ ನಾವು ಕೇಳಿದ್ದೇವೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1898ರಲ್ಲಿ ಸ್ಪೇನಿನ ಕೈಯಿಂದ ಆ ದ್ವೀಪಗಳು ಅಮೆರಿಕದ ಕೈಸೇರಿದವು. ಶಾಲೆಗಳಲ್ಲಿ ಇಂಗ್ಲಿಷ್ ಬಂತು, ಸೈನಿಕರ ಜೊತೆ ಅಮೆರಿಕದ ಹಾಡುಗಳೂ ಬಂದವು. 1920ರ ದಶಕದ ವೇಳೆಗಾಗಲೇ ಶಾಂಘೈ, ಹಾಂಗ್‌ಕಾಂಗ್‌ಗಳ ಹೋಟೆಲುಗಳಲ್ಲಿ, ಪ್ರಯಾಣಿಕ ಹಡಗುಗಳಲ್ಲಿ ಫಿಲಿಪ್ಪೀನ್ಸ್‌ನ ವಾದ್ಯತಂಡಗಳಿದ್ದವು. ಅಮೆರಿಕದಿಂದ ತಂಡ ಕರೆಸುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಅದೇ ಹಾಡು ಸಿಗುತ್ತಿತ್ತು. 1974ರಲ್ಲಿ ಅಧ್ಯಕ್ಷ ಮಾರ್ಕೋಸ್‌ರ ಸರಕಾರ ಹೊಸ ಕಾರ್ಮಿಕ ಸಂಹಿತೆಯ ಮೂಲಕ ದುಡಿಯುವ ಕೈಗಳನ್ನು ಹೊರದೇಶಗಳಿಗೆ ಕಳಿಸುವುದನ್ನೇ ನೀತಿಯಾಗಿ ಮಾಡಿಕೊಂಡಿತು. 1988ರಲ್ಲಿ ಅಧ್ಯಕ್ಷೆ ಕೊರಾಝೋನ್ ಅಕಿನೋ ಹಾಗೆ ಹೋದವರನ್ನು ನಾಡಿನ ಹೊಸ ವೀರರೆಂದು ಹೊಗಳಿದರು. ಮನೆಯಲ್ಲಿ ಕೆಲಸ ಕೊಡಲಾರದ ನಾಡು ಹೊರಟವರಿಗೆ ಬಿರುದು ಕೊಟ್ಟಿತು. ಈ ಮಾತನ್ನು ಬರೆಯುವಾಗ ನಮ್ಮ ಕರಾವಳಿಯ ಊರುಗಳೂ ಕಣ್ಣೆದುರು ಬರುತ್ತವೆ. ನಮ್ಮ ಮಕ್ಕಳನ್ನು ಅಂಗಡಿ, ಅಡುಗೆಮನೆ, ಲಾಂಡ್ರಿಗಳಿಗೆ ಅಟ್ಟಿದ ಬಡತನವೇ ಬೇರೊಂದು ತೀರದಲ್ಲಿ ಆಕೆಯನ್ನು ವೇದಿಕೆಗೆ ಅಟ್ಟಿದೆ.

ಹಾಡಲೆಂದು ಹೋದವರಿಗೆ ಏನೆಲ್ಲ ಆಯಿತು ಎಂಬುದಕ್ಕೆ ಜಪಾನ್ ಸಾಕ್ಷಿ. ಅಲ್ಲಿ ಕಲಾವಿದರಿಗೆಂದು ಪ್ರತ್ಯೇಕ ವೀಸಾ ಇತ್ತು. ಹಾಡು, ಕುಣಿತದ ಪರೀಕ್ಷೆ ಪಾಸಾದ ದಾಖಲೆ ಪುಸ್ತಕ ತೋರಿಸಿದರೆ ವೀಸಾ ಸಿಗುತ್ತಿತ್ತು. 2004ರಲ್ಲಿ ಫಿಲಿಪ್ಪೀನ್ಸ್‌ನಿಂದ 80 ಸಾವಿರಕ್ಕೂ ಹೆಚ್ಚು ಮಂದಿ ಈ ವೀಸಾದಲ್ಲಿ ಜಪಾನ್ ಪ್ರವೇಶಿಸಿದರು. ಅವರಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಹಾಡುವ ಬದಲು ಗಿರಾಕಿಗಳ ಪಕ್ಕದಲ್ಲಿ ಕುಳಿತು ಮದ್ಯ ಸುರಿಯಬೇಕಾಯಿತು. 1991ರಲ್ಲಿ ಮಾರಿಕ್ರಿಸ್ ಸಿಯೋಸನ್ ಎಂಬ 22ರ ಯುವತಿ ಅಲ್ಲಿ ತೀರಿಕೊಂಡಳು. ಯಕೃತ್ತಿನ ಕಾಯಿಲೆಯೆಂದು ಜಪಾನಿನ ಆಸ್ಪತ್ರೆ ಹೇಳಿತು. ಶವ ತಾಯ್ನಾಡಿಗೆ ಬಂದಾಗ ಅಲ್ಲಿನ ವೈದ್ಯರು ತಲೆಗೆ ಬಿದ್ದ ಏಟುಗಳನ್ನೂ ಇರಿತದ ಗಾಯಗಳನ್ನೂ ಕಂಡರು. 2005ರಲ್ಲಿ ಜಪಾನ್ ಆ ವೀಸಾದ ನಿಯಮವನ್ನು ಬಿಗಿಗೊಳಿಸಿದ ಮೇಲೆ ಹೋಗುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಕೆಲಸ ಹುಡುಕುವ ಅಗತ್ಯ ಮಾತ್ರ ಕುಸಿಯಲಿಲ್ಲ.

ಗೆದ್ದವರೂ ಇದ್ದಾರೆ. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ಮನಿಲಾದ ಉದ್ಯಾನದಲ್ಲಿ ಮಲಗುತ್ತಿದ್ದ ಆರ್ನೆಲ್ ಪಿನೇಡಾ ವರ್ಷಗಟ್ಟಲೆ ಹಾಂಗ್‌ಕಾಂಗಿನ ಬಾರುಗಳಲ್ಲಿ ಹಾಡಿದರು. 2007ರಲ್ಲಿ ಅವರ ಯೂಟ್ಯೂಬ್ ವೀಡಿಯೋ ನೋಡಿ ಅಮೆರಿಕದ ಪ್ರಸಿದ್ಧ ಜರ್ನಿ ತಂಡ ತನ್ನ ಗಾಯಕನಾಗಿ ಕರೆಸಿಕೊಂಡಿತು. ಆ ಗಾಯಕಿಯೂ ಈ ಕಥೆಯನ್ನು ನಮ್ಮ ವಿದ್ಯಾರ್ಥಿಗೆ ಹೇಳಿದ್ದಳಂತೆ. ಲಾಟರಿ ಹೊಡೆದವನ ಕಥೆ ಹೇಳಿ ಲಾಟರಿ ಮಾರುವಂತೆ ಏಜೆಂಟರೂ ಇದನ್ನೇ ಹೇಳುತ್ತಾರೆ.

ಇನ್ನು ದೀನಿನ ಮಾತಿಗೆ ಬರೋಣ. ಬಾರಿನಲ್ಲಿ ಪರಪುರುಷರ ಮುಂದೆ ಹಾಡಿ ಗಳಿಸುವುದು ಇಸ್ಲಾಮಿನಲ್ಲಿ ಸಮ್ಮತವಲ್ಲ. ಸಂಗೀತದ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯಗಳಿದ್ದರೂ ಇಲ್ಲಿ ಅವುಗಳಿಗೆ ಜಾಗವಿಲ್ಲ. ಅದನ್ನು ಮರೆಮಾಚುವ ಉದ್ದೇಶ ನಮಗಿಲ್ಲ. ನಾವು ಕೇಳುವುದು, ನಮ್ಮ ಉಪದೇಶದ ಬೆರಳು ಮೊದಲು ಯಾರ ಕಡೆ ತಿರುಗುತ್ತದೆ ಎಂದು. ಮದ್ಯದ ವಿಷಯದಲ್ಲಿ ಪ್ರವಾದಿ(ಸ)ರು ಹತ್ತು ಮಂದಿಯನ್ನು ಶಪಿಸಿದ ಹದೀಸ್ ತಿರ್ಮಿದಿ, ಇಬ್ನು ಮಾಜಃಗಳಲ್ಲಿದೆ. ಹಿಂಡುವವನು, ಹಿಂಡಿಸುವವನು, ಕುಡಿಯುವವನು, ಹೊರುವವನು, ಯಾರಿಗಾಗಿ ಹೊರಲಾಗುತ್ತದೋ ಅವನು, ಕುಡಿಸುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಗುತ್ತದೋ ಅವನು. ಇದು ಹಾಡುವವಳನ್ನು ದೋಷಮುಕ್ತಳನ್ನಾಗಿ ಮಾಡುವುದಿಲ್ಲ. ಪಾಪಕ್ಕೆ ನೆರವಾಗಬಾರದೆಂಬ ಕುರ್‌ಆನಿನ ಆಜ್ಞೆ ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಈ ಹತ್ತರಲ್ಲಿ ಬಾರಿನ ಮಾಲಕನಿದ್ದಾನೆ, ಮೇಜಿನ ಮುಂದೆ ಕುಳಿತವನಿದ್ದಾನೆ, ಲಾಭ ಉಣ್ಣುವವನಿದ್ದಾನೆ. ಶಾರ್ಜಾದಲ್ಲಿ ಮದ್ಯ ಪೂರ್ಣ ನಿಷಿದ್ಧ. ಅಲ್ಲಿಂದ ಕಾರು ಹತ್ತಿ ದುಬೈಯ ಬಾರಿಗೆ ಬಂದು ಚೀಟಿಯಲ್ಲಿ ಹಾಡು ಬರೆದುಕೊಡುವವರ ಹೆಸರುಗಳಲ್ಲಿ ನಮ್ಮವರ ಹೆಸರುಗಳೂ ಇರುತ್ತವೆ ಎಂದು ಆ ಹುಡುಗ ಸಂಕೋಚದಿಂದ ಹೇಳಿದ. ಹಾಡುವವಳ ಕುರಿತು ನಾವು ಎಷ್ಟೋ ಬಾರಿ ಉಪನ್ಯಾಸ ಮಾಡಿದ್ದೇವೆ. ಚೀಟಿ ಬರೆಯುವವನ ಕುರಿತು ಮಾಡಿದ ನೆನಪಿಲ್ಲ.

ಅನ್ನೂರ್ ಅಧ್ಯಾಯದ 33ನೇ ಸೂಕ್ತದ ಹಿನ್ನೆಲೆಯನ್ನು ಮದ್ರಸದಲ್ಲಿ ಓದಿದವರು ಬಲ್ಲರು. ಕಪಟವಿಶ್ವಾಸಿಗಳ ನಾಯಕ ಇಬ್ನು ಉಬಯ್ಯ್ ತನ್ನ ದಾಸಿಯರನ್ನು ದುಡ್ಡಿಗಾಗಿ ಅಡ್ಡದಾರಿಗೆ ದೂಡುತ್ತಿದ್ದ. ಅಲ್ಲಾಹನು ಅದನ್ನು ನಿಷೇಧಿಸಿ, ಬಲಾತ್ಕಾರಕ್ಕೆ ಒಳಗಾದವರಿಗೆ ತನ್ನ ಕ್ಷಮೆಯನ್ನೂ ಕರುಣೆಯನ್ನೂ ಘೋಷಿಸಿದನು. ಈ ಗಾಯಕಿ ದಾಸಿಯಲ್ಲ, ಕರಾರಿಗೆ ಸಹಿ ಹಾಕಿ ಬಂದವಳು. ಇಬ್ಬರೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಏಜೆಂಟನ ಸಾಲ ತೀರುವ ತನಕ ಬಿಟ್ಟು ಹೋಗಲಾಗದವಳ ಆಯ್ಕೆ ಎಷ್ಟರಮಟ್ಟಿಗೆ ಆಯ್ಕೆ? ಕಾರ್ಮಿಕರ ಪಾಸ್‌ಪೋರ್ಟನ್ನು ಮಾಲಕರು ಇಟ್ಟುಕೊಳ್ಳುವುದು ಯುಎಇಯ ಕಾನೂನಿಗೆ ವಿರುದ್ಧ. ಆ ತಂಡದ ಐವರ ಪಾಸ್‌ಪೋರ್ಟುಗಳೂ ಬೇರೆಯವರ ಕಪಾಟಿನಲ್ಲಿದ್ದವು. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಕೂಲಿ ಕಳಕೊಂಡವರ ಧರ್ಮ ಯಾವುದೆಂದು ಆ ಹದೀಸ್ ವಿಚಾರಿಸುವುದಿಲ್ಲ.

ಮೂರು ದಿನಗಳ ಬಳಿಕ, ಗ್ರಂಥಗಳನ್ನು ತಿರುವಿ ಹಾಕಿ, ನಮ್ಮ ವಿದ್ಯಾರ್ಥಿಯನ್ನು ಕರೆಸಿ ಮೊದಲಿನ ಉತ್ತರವನ್ನು ಹಿಂತೆಗೆದುಕೊಂಡೆವು. ಪ್ರವಾದಿ(ಸ)ರು ಮದೀನದ ಯಹೂದಿಯೊಬ್ಬರಿಂದ ಸಾಲವಾಗಿ ಧಾನ್ಯ ಪಡೆದು ತಮ್ಮ ಕವಚವನ್ನು ಅಡವಿಟ್ಟಿದ್ದರು. ಅವರ ಗಳಿಕೆಯ ಮೂಲವನ್ನು ಶೋಧಿಸಲು ಹೋಗಲಿಲ್ಲ. ಬಡ್ಡಿ ತಿನ್ನುವ ನೆರೆಯವನು ಊಟಕ್ಕೆ ಕರೆದರೆ ಹೋಗಬಹುದೇ ಎಂಬ ಪ್ರಶ್ನೆಗೆ ಇಬ್ನು ಮಸ್‌ಊದ್(ರ)ರು, ಉಣ್ಣುವುದು ನಿನಗೆ ಸಮ್ಮತ, ಪಾಪದ ಹೊರೆ ಅವನದು ಎಂಬರ್ಥದ ಉತ್ತರ ಕೊಟ್ಟಿದ್ದರು. ಕದ್ದ ವಸ್ತುವೆಂದು ಖಚಿತವಾಗಿ ತಿಳಿದಿದ್ದರೆ ಮಾತು ಬೇರೆ. ಆ 200 ದಿರ್ಹಮ್ ಉಡುಗೊರೆ, ತಾಯಿಯ ಕಷ್ಟಕ್ಕೆ ಬಂದದ್ದು, ಸ್ವೀಕಾರಾರ್ಹ. ಉಪಕಾರಕ್ಕೆ ಉಪಕಾರ ಮಾಡು, ಆಕೆ ಕಷ್ಟದಲ್ಲಿದ್ದಾಗ ನಿನ್ನ ಕೈಯಿಂದಲೂ ಹೋಗಲಿ ಎಂದೆವು. ಆತನ ಸ್ವಂತ ಸಂಬಳದ ಕುರಿತೂ ಹೇಳಿದೆವು: ಬಟ್ಟೆ ಒಗೆಯುವ ಕೆಲಸ ಹಲಾಲ್, ಹೋಟೆಲಿನ ಆದಾಯ ಬೆರಕೆಯದು; ಬೇರೆಡೆ ಕೆಲಸ ಸಿಕ್ಕರೆ ಅದು ಹೆಚ್ಚು ನಿರಾಳ, ಸಿಗುವ ತನಕ ಮನೆಯವರನ್ನು ಉಪವಾಸ ಕೆಡವಬೇಕಾಗಿಲ್ಲ. ಆತ ನಿಟ್ಟುಸಿರು ಬಿಟ್ಟು ಎದ್ದ.

ನಮಗೆ ಆ ನಿರಾಳ ಸಿಗಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಕಲಿಸುತ್ತಿದ್ದ ಮದ್ರಸವೊಂದರಲ್ಲಿ ಕೊಳವೆಬಾವಿ ಕೊರೆಸಲು ಹಣ ಕೂಡಿಸಲಾಗುತ್ತಿತ್ತು. ಆರ್ಕೆಸ್ಟ್ರಾಗಳಲ್ಲಿ ಹಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ವಿಧವೆಯೊಬ್ಬರು ಎರಡು ಸಾವಿರ ರೂಪಾಯಿ ತಂದುಕೊಟ್ಟರು. ಇಂಥ ಹಣ ಬೇಡವೆಂದು ಸಮಿತಿ ಹಿಂದಿರುಗಿಸಿತು. ಆಕೆ ಏನೂ ಹೇಳದೆ ಸೆರಗಿನಲ್ಲಿ ನೋಟುಗಳನ್ನು ಕಟ್ಟಿಕೊಂಡು ಹೋದರು. ಅದೇ ತಿಂಗಳು ಮದ್ಯ ಮಾರುವ ಹೋಟೆಲೊಂದರ ಪಾಲುದಾರರು ದೊಡ್ಡ ಮೊತ್ತ ಕೊಟ್ಟರು. ಮೇಲೆ ಹೇಳಿದ ಹತ್ತರಲ್ಲಿ ಅವರ ಸ್ಥಾನ ಯಾವುದೆಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಎರಡೂ ದಿನ ಆ ಕೋಣೆಯಲ್ಲಿ ನಾವಿದ್ದೆವು. ಹದೀಸ್ ಕಂಠಪಾಠವಿತ್ತು. ಸುಮ್ಮನಿದ್ದೆವು.

ನಮ್ಮ ವಿದ್ಯಾರ್ಥಿ ಮರಳಿ ಹೋಗುವ ಮುನ್ನಾದಿನ ಆ ಹೆಂಗಸಿನ ಮನೆಯನ್ನು ಹುಡುಕಿಕೊಂಡು ಹೋದೆವು. ಅವರು ಮಗಳ ಬಳಿಗೆ ಬೇರೆ ಊರಿಗೆ ಹೋಗಿ ಎರಡು ವರ್ಷವಾಯಿತೆಂದು ನೆರೆಯವರು ತಿಳಿಸಿದರು. ವಿಳಾಸ ಕೇಳಿ ಬರೆದುಕೊಂಡು ಬಂದಿದ್ದೇವೆ. ಮದ್ರಸದ ನಲ್ಲಿಯ ಮೇಲಿನ ಕಲ್ಲಿನಲ್ಲಿ ಹೋಟೆಲಿನ ಪಾಲುದಾರರ ಹೆಸರು ಇನ್ನೂ ಇದೆ. ಮಕ್ಕಳು ಅದರ ಕೆಳಗೆ ವುಝೂ ಮಾಡುತ್ತಾರೆ.