ಹೊಸಿಲು ಎಲ್ಲಿದೆ?

ಬೀದಿಯಲ್ಲಿ ಜನ ಕೂಗುತ್ತ ಬರುತ್ತಿರುವಾಗ ಮನೆಯ ಯಜಮಾನನು ಬಂದೂಕು ಹಿಡಿದು ಹೊರಗೆ ನಿಲ್ಲಬಹುದೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಹಳೆಯ ಪ್ರಶ್ನೆ. 2020ರ ಬೇಸಗೆಯಲ್ಲಿ ಅದು ಹೊಸದಾಗಿ ಎದ್ದಿತು. ಅಂದಿನಿಂದ ನಡೆದಿರುವ ವಾದಗಳಲ್ಲಿ ಒಂದು ಪಕ್ಷದವರು ಬಂದೂಕನ್ನು ಮಾತ್ರ ನೋಡುತ್ತಾರೆ, ಇನ್ನೊಂದು ಪಕ್ಷದವರು ಸ್ವತ್ತಿನ ಎಲ್ಲೆಯನ್ನು ಮಾತ್ರ ನೋಡುತ್ತಾರೆ. ಅಪಾಯವು ನಿಜವಾಗಿ ಹೊಸಿಲಿಗೆ ಬಂದಿತ್ತೆ ಎಂಬ ಪ್ರಶ್ನೆಯನ್ನು ಇಬ್ಬರೂ ದಾಟಿ ಹೋಗುತ್ತಾರೆಂದು ನನಗೆ ತೋರುತ್ತದೆ.

ಆ ವರ್ಷದ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸನೊಬ್ಬನ ಮೊಣಕಾಲಿನಡಿಯಲ್ಲಿ ಪ್ರಾಣಬಿಟ್ಟರು. ದೇಶದ ಉದ್ದಗಲಕ್ಕೂ ಪ್ರತಿಭಟನೆಗಳು ನಡೆದುವು. ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ಜೂನ್ 28ರ ಸಂಜೆ ಒಂದು ಮೆರವಣಿಗೆ ಮೇಯರರ ಮನೆಯ ಕಡೆಗೆ ಹೊರಟಿತು. ಪೊಲೀಸ್ ಇಲಾಖೆಯ ಹಣವನ್ನು ಕಡಿತಗೊಳಿಸಬೇಕೆಂದು ಬರೆದವರ ಹೆಸರು ವಿಳಾಸಗಳನ್ನು ಮೇಯರರು ಬಹಿರಂಗವಾಗಿ ಓದಿದ್ದರೆಂಬುದೇ ಜನರ ಕೋಪಕ್ಕೆ ಕಾರಣ. ದಾರಿಯಲ್ಲಿ ಪೋರ್ಟ್‌ಲ್ಯಾಂಡ್ ಪ್ಲೇಸ್ ಎಂಬ ಬೀದಿಯಿದೆ. ಅದು ನಗರಸಭೆಯ ಬೀದಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧನಿಕರು ಹೆಬ್ಬಾಗಿಲಿಟ್ಟು ತಮಗಾಗಿ ಕಟ್ಟಿಕೊಂಡ ಖಾಸಗಿ ಬೀದಿ. ಜನ ಆ ಹೆಬ್ಬಾಗಿಲನ್ನು ದಾಟಿ ಒಳಗೆ ಬಂದರು. ಅಲ್ಲಿಯ ಒಂದು ಭವ್ಯ ಮನೆಯಿಂದ ಮಾರ್ಕ್ ಮೆಕ್ಲಾಸ್ಕಿ ಅವರು ರೈಫಲ್ಲನ್ನೂ ಅವರ ಪತ್ನಿ ಪೆಟ್ರೀಷಿಯಾ ಅವರು ಪಿಸ್ತೂಲನ್ನೂ ಹಿಡಿದು ಹೊರಬಂದು ಜನರತ್ತ ಗುರಿಯಿಟ್ಟರು. ದಂಪತಿಗಳಿಬ್ಬರೂ ವಕೀಲರು.

ಗುಂಡು ಹಾರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೆ ಆ ಚಿತ್ರ ಲೋಕವನ್ನೆಲ್ಲ ಸುತ್ತಿತು. ಜುಲೈಯಲ್ಲಿ ನಗರದ ಅಭಿಯೋಜಕಿ ಕಿಮ್ ಗಾರ್ಡನರ್ ಅವರು ಆಯುಧವನ್ನು ಅಕ್ರಮವಾಗಿ ಬಳಸಿದ ಆರೋಪ ಹೊರಿಸಿದರು. ಚುನಾವಣಾ ನಿಧಿಗಾಗಿ ಕಳುಹಿಸಿದ ಪತ್ರಗಳಲ್ಲಿ ಈ ಪ್ರಕರಣವನ್ನು ಪ್ರಸ್ತಾಪಿಸಿದರೆಂಬ ಕಾರಣದಿಂದ ನ್ಯಾಯಾಲಯ ಮುಂದೆ ಅವರನ್ನು ಮೊಕದ್ದಮೆಯಿಂದ ದೂರವಿಟ್ಟಿತು. ದಂಪತಿಗಳು ಆಗಸ್ಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಅಧಿವೇಶನದಲ್ಲಿ ಮಾತನಾಡಿದರು. 2021ರ ಜೂನ್‌ನಲ್ಲಿ ಲಘು ಅಪರಾಧಗಳನ್ನು ಒಪ್ಪಿಕೊಂಡು ಮಾರ್ಕ್ 750 ಡಾಲರ್, ಪೆಟ್ರೀಷಿಯಾ 2,000 ಡಾಲರ್ ದಂಡ ತೆತ್ತರು. ಆ ಬೇಸಗೆ ಮುಗಿಯುವ ಮೊದಲೇ ಗವರ್ನರ್ ಮೈಕ್ ಪಾರ್ಸನ್ ಇಬ್ಬರಿಗೂ ಕ್ಷಮಾದಾನ ನೀಡಿದರು. ಹೀಗೆ ಎರಡು ಪಕ್ಷದ ರಾಜಕಾರಣಕ್ಕೂ ಒದಗಿದ ಮೊಕದ್ದಮೆಯನ್ನು ಜೂರಿಯ ಪಂಚರು ಕೇಳಿ ತೀರ್ಮಾನಿಸಲೇ ಇಲ್ಲ. ಹೊಸಿಲು ಬೀದಿಯ ಹೆಬ್ಬಾಗಿಲಿನಲ್ಲಿತ್ತೆ, ಮನೆಯ ಬಾಗಿಲಿನಲ್ಲಿತ್ತೆ ಎಂಬುದು ಇತ್ಯರ್ಥವಾಗದೆ ಉಳಿಯಿತು.

ದಂಪತಿಗಳ ಭಯವನ್ನು ನಟನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದೇ ನಗರದಲ್ಲಿ ಅದೇ ಜೂನ್ 2ರಂದು ಲೂಟಿಯ ನಡುವೆ, ಅಂಗಡಿಯೊಂದರ ಕಾವಲಿಗೆ ಹೋಗಿದ್ದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾಗಿದ್ದರು. ಅಂಥ ಊರಿನಲ್ಲಿ ಜನಜಂಗುಳಿಯನ್ನು ಕಂಡು ಎದೆ ನಡುಗುವುದು ಸಹಜ. ಆದರೆ ಭಯವು ನಿಜವಾಗಿರುವುದು ಒಂದು ಸಂಗತಿ. ಅದು ಬಂದೂಕನ್ನು ಸಮರ್ಥಿಸುವಷ್ಟು ಸಕಾರಣವಾಗಿರುವುದು ಮತ್ತೊಂದು.

ಮನೆಯು ಮನುಷ್ಯನ ಕೋಟೆ ಎಂಬ ಇಂಗ್ಲಿಷ್ ನ್ಯಾಯಸೂತ್ರ ಪ್ರಸಿದ್ಧವಾದುದು 1604ರ ಸೆಮೇನ್ ಮೊಕದ್ದಮೆಯಿಂದ. ಅದನ್ನು ವರದಿ ಮಾಡಿದ ಎಡ್ವರ್ಡ್ ಕೋಕ್ ಒಂದು ಸೂಕ್ಷ್ಮವನ್ನು ಕಾಣಿಸಿದ್ದಾನೆ. ಬಲಾತ್ಕಾರದ ವಿರುದ್ಧ ಮನೆಯನ್ನು ಕಾಯಲು ಬಂಧುಮಿತ್ರರನ್ನು ಕೂಡಿಸಿಕೊಳ್ಳಬಹುದು. ಆದರೆ ಅವರನ್ನೇ ಅಂಗರಕ್ಷಕರಾಗಿ ಕಟ್ಟಿಕೊಂಡು ಸಂತೆಗೆ ಹೋಗಲಾಗದು. ಒಳಗಿನವನ ಹಕ್ಕು ಹೊಸಿಲಿನವರೆಗೆ ಕೋಟೆಯ ಹಕ್ಕು. ಅದರಾಚೆಗೆ ಅವನೂ ಎಲ್ಲರಂತೆ ಒಬ್ಬ ಪ್ರಜೆ. ಮಿಸ್ಸೂರಿಯ ಶಾಸನ 2007ರಲ್ಲಿ ಈ ಹಕ್ಕನ್ನು ಬಲಪಡಿಸಿತು. 2016ರ ತಿದ್ದುಪಡಿಯಂತೆ, ತಾನು ಇರಲು ಹಕ್ಕುಳ್ಳ ಯಾವ ಸ್ಥಳದಲ್ಲಿಯೂ ಮನುಷ್ಯನು ಹಿಮ್ಮೆಟ್ಟಬೇಕಾಗಿಲ್ಲ. ಹೊಸಿಲು ಹೀಗೆ ಬೀದಿಯವರೆಗೂ ಚಾಚಿತು.

ಕೋಕ್ ಹೇಳಿದ ಹಕ್ಕಿನ ನಿಜವಾದ ಪರೀಕ್ಷೆ ನಡೆದುದು 1925ರಲ್ಲಿ, ಡೆಟ್ರಾಯಿಟ್ ನಗರದಲ್ಲಿ ಎಂದು ನನ್ನ ಎಣಿಕೆ. ಆಸಿಯನ್ ಸ್ವೀಟ್ ಎಂಬ ಕಪ್ಪು ಜನಾಂಗದ ವೈದ್ಯರು ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡು ಸೆಪ್ಟೆಂಬರ್ 8ರಂದು ಒಕ್ಕಲಾದರು. ಮರುದಿನ ಸಂಜೆ ನೂರಾರು ಜನ ನೆರೆದರು. ಮನೆಯ ಮೇಲೆ ಕಲ್ಲುಗಳು ಬಿದ್ದುವು. ಪೊಲೀಸರು ಸ್ಥಳದಲ್ಲಿಯೇ ಇದ್ದರೂ ಗುಂಪು ಚದುರಲಿಲ್ಲ. ಒಳಗೆ ಸೋದರರೂ ಮಿತ್ರರೂ ಕೂಡಿದ್ದರು. ಮೇಲಂತಸ್ತಿನಿಂದ ಗುಂಡುಗಳು ಹಾರಿ ಹೊರಗಿದ್ದ ಒಬ್ಬನು ಸತ್ತನು. ಮನೆಯಲ್ಲಿದ್ದ ಹನ್ನೊಂದು ಜನರ ಮೇಲೂ ಕೊಲೆಯ ಆರೋಪ ಬಂದಿತು. ಮೊದಲ ವಿಚಾರಣೆಯಲ್ಲಿ ಪಂಚರಿಗೆ ಒಮ್ಮತ ಕೂಡಿಬರಲಿಲ್ಲ. ಕ್ಲಾರೆನ್ಸ್ ಡ್ಯಾರೋ ಅವರ ವಕಾಲತ್ತಿನಲ್ಲಿ ತಮ್ಮ ಹೆನ್ರಿ ಸ್ವೀಟ್ 1926ರ ಮೇ ತಿಂಗಳಲ್ಲಿ ಬಿಡುಗಡೆ ಹೊಂದಿದ ಮೇಲೆ ಉಳಿದ ಆರೋಪಗಳು ಬಿದ್ದುಹೋದುವು. ಒಳಗಿದ್ದವರ ಭಯವನ್ನು ಅವರ ಜನಾಂಗ ಅನುಭವಿಸಿದ ಚರಿತ್ರೆಯ ಬೆಳಕಿನಲ್ಲಿ ಅಳೆಯಬೇಕೆಂಬುದೇ ಡ್ಯಾರೋ ಅವರ ವಾದದ ಸಾರ. ಬಂದೂಕಿನ ಹಕ್ಕನ್ನು ಸಾರಾಸಗಟಾಗಿ ಅಲ್ಲಗಳೆಯುವವರು ಈ ಮನೆಯನ್ನು ನೆನೆಯಬೇಕು.

1956ರ ಜನವರಿ 30ರ ರಾತ್ರಿ ಮಾಂಟ್‌ಗಮರಿ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಜಗಲಿಯ ಮೇಲೆ ಬಾಂಬು ಸಿಡಿಯಿತು. ಒಳಗೆ ಹೆಂಡತಿ, ಹಸುಗೂಸು. ಕೆರಳಿ ನೆರೆದ ಜನರಲ್ಲಿ ಆಯುಧ ಹಿಡಿದವರೂ ಇದ್ದರು. ಕಿಂಗ್ ಅದೇ ಜಗಲಿಯ ಮೇಲೆ ನಿಂತು, ಆಯುಧಗಳೊಡನೆ ಮನೆಗೆ ತೆರಳಿರೆಂದು ಅವರನ್ನು ಸಮಾಧಾನಪಡಿಸಿದರು. ಆದರೂ ಮನೆಗೆ ಕಾವಲು ಬೇಕೆನಿಸಿ ಅವರು ಬಂದೂಕಿನ ಪರವಾನಗಿ ಕೇಳಿದರು, ಅಧಿಕಾರಿಗಳು ನಿರಾಕರಿಸಿದರು. ಬಂದೂಕನ್ನು ಅವರು ಪೂರ್ತಿ ತ್ಯಜಿಸಿದುದು ಆಮೇಲೆ, ಅಹಿಂಸೆಯಲ್ಲಿ ನಂಬಿಕೆ ಬಲಿತ ಹಾಗೆ. ಅದು ಅವರ ತಪಸ್ಸು. ಪ್ರತಿಯೊಬ್ಬ ಗೃಹಸ್ಥನಿಂದ ಅದನ್ನು ಕಾನೂನು ಕೇಳಲಾರದು. ಆದರೆ ಬಾಂಬು ಬಿದ್ದ ಮನೆಯವನಿಗೆ ಪರವಾನಗಿ ಸಿಗಲಿಲ್ಲ, ಕಲ್ಲೊಂದೂ ಬೀಳದ ಮನೆಯವರಿಗೆ ಕ್ಷಮಾದಾನ ಸಿಕ್ಕಿತು. ನಡುವೆ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆಯೆಂಬುದನ್ನು ಒಪ್ಪಿಯೂ, ಯಾರ ಭಯಕ್ಕೆ ಎಷ್ಟು ಬೆಲೆಯೆಂದು ನಾವು ಕೇಳಲೇಬೇಕಾಗುತ್ತದೆ.

ಅದೇ ಆಂಗ್ಲಮೂಲದಿಂದ ಬಂದ ನಮ್ಮ ಕಾನೂನು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಹಳೆಯ ದಂಡಸಂಹಿತೆಯ ಆತ್ಮರಕ್ಷಣೆಯ ನಿಯಮಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ. ಕೊಲ್ಲಲೆತ್ನಿಸುವ ಗುಂಪಿನ ಮೇಲೆ, ಬೇರೆ ದಾರಿಯಿಲ್ಲದಾಗ, ಗುಂಡು ಹಾರಿಸಲೂ ಅದು ಅವಕಾಶ ಕೊಡುತ್ತದೆ. ಆದರೆ ಅಧಿಕಾರಿಗಳ ನೆರವು ಪಡೆಯಲು ಕಾಲಾವಕಾಶವಿದ್ದಾಗ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತೆಯೂ ಇಲ್ಲ. ಗುಂಪಿನ ಗಾತ್ರ, ಕೂಗಿನ ಕರ್ಕಶತೆ ಇವು ಅಳತೆಗೋಲಲ್ಲ. ಗುಂಪು ಏನು ಮಾಡಲು ಕೈಯೆತ್ತಿದೆ ಎಂಬುದೇ ಅಳತೆ.

ಆ ಅಳತೆಯಿಂದ ನೋಡಿದರೆ ಸ್ವೀಟ್ ಅವರ ಮನೆಗೆ ಸಲ್ಲುವ ಹಕ್ಕು ಪೋರ್ಟ್‌ಲ್ಯಾಂಡ್ ಪ್ಲೇಸಿಗೆ ಸಲ್ಲದೆಂದು ನನ್ನ ಅಭಿಪ್ರಾಯ. ಖಾಸಗಿ ಬೀದಿಯಲ್ಲಿ ಕಾಲಿಟ್ಟುದು ತಪ್ಪಾದರೆ ಅದಕ್ಕೆ ತಕ್ಕ ದಂಡವುಂಟು; ಪ್ರಾಣಭಯ ಆ ದಂಡಗಳಲ್ಲಿ ಸೇರಿಲ್ಲ. ಹಾಗಿದ್ದರೂ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಪೊಲೀಸರು ತಮ್ಮನ್ನು ಕಾಯುವುದಿಲ್ಲವೆಂದು ಬೀದಿಯಲ್ಲಿದ್ದವರು ಕೂಗುತ್ತಿದ್ದರು. ಪೊಲೀಸರು ಬಂದು ಕಾಯುವರೆಂಬ ನೆಚ್ಚಿಕೆ ಬಂದೂಕು ಹಿಡಿದವರಿಗೂ ಇರಲಿಲ್ಲ. ಹುಲ್ಲುಹಾಸಿನ ಎರಡು ಬದಿಗಳಲ್ಲಿ ನಿಂತು ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದವರಿಗೆ ಸಮಾನವಾಗಿದ್ದುದು ಈ ಅಪನಂಬಿಕೆಯೊಂದೇ. ಅದು ಹೋಗುವವರೆಗೆ ಯಾವ ಶಾಸನವೂ ಹೊಸಿಲನ್ನು ಒಂದೆಡೆ ನಿಲ್ಲಿಸಲಾರದು.